ಗೋವಾದ ಗ್ರಾಂಡೆ ಐಲ್ಯಾಂಡ್‌ಗೆ ಒಂದಿನದ ಬೋಟ್ ಟ್ರಿಪ್ ಮತ್ತ ಸ್ನಾರ್ಕ್ಲಿಂಗ್: ತಿಥಿ ನೋಡೂದ್ರಿಂದ ಹಿಡಿದು ಘಾಟ್ ಹತ್ತೂ ತನಕ

ವಾಸ್ಕೋಕ್ಕ ಬಂದು ಮನಿ ಮಾಡಿ ಹನ್ನೊಂದು ವರ್ಷ ಆತ್ರಿ. ಪ್ರತಿ ಸಲ ನವೆಂಬರ್ ಮುಗ್ಯೂದ್ರೊಳಗ ಹುಬ್ಬಳ್ಳಿ, ಗದಗ, ಬೆಳಗಾವಿ ಕಡಿಂದ ಫೋನ್ ಚಾಲೂ ಆಗ್ತಾವ, "ಏನಪಾ, ದ್ವೀಪಕ್ಕ ಕರ್ಕೊಂಡು ಹೋಗ್ತಾರಂತಲ್ಲ, ನೀರಾಗ ಮುಳುಗಿಸಿ ಮೀನ ತೋರಸ್ತಾರಂತಲ್ಲ, ಅದೊಂದು ಬುಕ್ ಮಾಡಿಡು, ನಾವು ಒಂಬತ್ತು ಮಂದಿ ಬರ್ತೀವಿ" ಅಂತ. ಮೊದಲನೇ ವರ್ಷ ನಾನೂ ಹಿಂದ ಮುಂದ ನೋಡದ ಬುಕ್ ಮಾಡಿಬಿಟ್ಟಿದ್ದೆ. ಶನಿವಾರ, ಮರುದಿನ ಹುಣ್ಣಿಮಿ, ಎಂಟೂವರಿಗೆ ಬಿಡ್ತೀವಿ ಅಂದ ಬೋಟ್ ಬಿಟ್ಟಿದ್ದು ಹತ್ತೂವರಿಗೆ, ನೀರು ಹಾಲು ಕಡಿಮಿ ಹಾಕಿದ ಚಾದ ಬಣ್ಣ. ಅತ್ತಿ ಹೋಗ್ತ ಬರ್ತ ಎರಡೂ ಕಡೆ ವಾಂತಿ ಮಾಡ್ಕೊಂಡ್ರು, ಮಾಮಾನ ಬಂಗಾರದ ಉಂಗುರ ಸಮುದ್ರಕ್ಕ ಹೋತು, ಇನ್ನ ಮೀನ, ಅದನ್ನ ನೋಡಿದ್ದು ಊಟದ ತಾಟಿನ್ಯಾಗ ಅಷ್ಟ.

ಆಮ್ಯಾಲ ಹತ್ತು ಹನ್ನೆರಡು ಸಲ ಹೋಗೀನಿ, ಬರೇ ನೆಂಟರ ಸಲುವಾಗಿ ಅಲ್ಲ, ನನಗೂ ಚಟ ಹತ್ತೇತಿ. ಅದ ದ್ವೀಪ, ಅದ ಸಮುದ್ರ, ಆದ್ರ ಒಂದೊಂದಿನ ತಳದ ಕಲ್ಲು ಎಣಿಸಬಹುದು, ಒಂದೊಂದಿನ ನಿಮ್ಮ ಕೈ ನಿಮಗ ಕಾಣಂಗಿಲ್ಲ. ನನಗ ತಿಳಿದ ಮಟ್ಟಿಗೆ ಈ ಟ್ರಿಪ್ ಚಲೋ ಆಗೂದು ಕೆಡೂದು ಮುಕ್ಕಾಲು ಪಾಲು ಬೋಟ್ ಹತ್ತೂ ಮೊದಲ ತೀರ್ಮಾನ ಆಗಿರ್ತೈತಿ. ಅದಕ್ಕ ಈ ಬರಹದಾಗ ಬೋಟ್ ಹತ್ತೂದು ಭಾಳ ತಡಾ ಬರ್ತೈತಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಮೊದಲ ಎಲ್ಲಿಗೆ ಹೊಂಟೀವಿ ಅನ್ನೂದು ತಿಳ್ಕೋರಿ

ಗ್ರಾಂಡೆ ಐಲ್ಯಾಂಡ್ ಇರೂದು ಮುರಗಾಂವ್ ಬಂದರದ ದಕ್ಷಿಣಕ್ಕ, ವಾಸ್ಕೋ-ಬೋಗ್ಮಾಲೊ ದಂಡಿ ಎದುರಿಗೆ. ಅದರ ಆಜೂಬಾಜೂ ಸಣ್ಣ ಸಣ್ಣ ದ್ವೀಪ, ಬಂಡಿಗಲ್ಲು ಅದಾವ, ಬ್ಯಾಟ್ ಐಲ್ಯಾಂಡ್ ಅಂತ ಒಂದು ಬೈನಾ ಬೀಚ್ ಕಡಿಂದ ಭಾಳ ಹತ್ತಿರ. "ಐಲ್ಯಾಂಡ್ ಹಾಪಿಂಗ್" ಅಂತ ಬೋರ್ಡ್ ಹಾಕಿರ್ತಾರ ಖರೆ, ಆದ್ರ ಥಾಯ್ಲೆಂಡ್ ವಿಡಿಯೋದಾಗ ನೋಡಿದಂಗ ಐದು ದ್ವೀಪ ಇಳಿದು ಹತ್ತಿ ಫೋಟೋ ಹೊಡ್ಕೊಳ್ಳೂದು ಇಲ್ಲಿ ಇಲ್ಲ. ದ್ವೀಪದ ಬಾಜೂಕ ಲಂಗರು ಹಾಕ್ತಾರ, ನೀರಿಗೆ ಇಳಿದು ಮ್ಯಾಲ ತೇಲಿಕೋತ, ಕೊಳವಿಯಿಂದ ಉಸುರಾಡಿಕೋತ ಕೆಳಗಿನ ಮೀನ ನೋಡ್ತೀರಿ, ಇದ ಸ್ನಾರ್ಕ್ಲಿಂಗ್, ಅಷ್ಟ. ಕೆಲವು ಟ್ರಿಪ್‌ನೋರು ಊಟಕ್ಕ ಒಂದು ಸಣ್ಣ ದಂಡಿಗೆ ಇಳಸ್ತಾರ, ಕೆಲವರು ಬೋಟ್‌ನ್ಯಾಗ ಊಟ ಕೊಡ್ತಾರ. ಕೇಳಿ ಖಾತ್ರಿ ಮಾಡ್ಕೋರಿ, ಮನ್ಯಾಗ ಮೊಣಕಾಲು ನೋವಿನೋರು ಇದ್ರ ಇದು ದೊಡ್ಡ ವಿಷಯ, ಯಾಕಂದ್ರ ದಂಡಿಗೆ ಇಳಸೂದು ಅಂದ್ರ ಸೊಂಟಮಟ ನೀರಾಗ ಜಿಗೀರಿ ಅಂತ ಅರ್ಥ.

ಗೋವಾದ ಇನ್ನೊಂದು ದ್ವೀಪ ಅಂಜದೀವ್. ಕಾರವಾರದ ಕಡೆ ಇದ್ರೂ ಅದು ಗೋವಾಕ್ಕ ಸೇರಿದ್ದು, 1498ರಾಗ ವಾಸ್ಕೋ ಡ ಗಾಮಾನ ಹಡಗ ನಿಂತ ಜಾಗ. ಅದು ಈಗ ನೇವಿ ಕೈಯಾಗ ಐತಿ, ಬಿಡಂಗಿಲ್ಲ, ಸುಮ್ನ ಆಸೆ ಇಟ್ಕೋಬ್ಯಾಡ್ರಿ.

ನೀರು ಎಷ್ಟು ತಿಳಿ ಇರ್ತೈತಿ ಅನ್ನೂದನ್ನ ಮೊದಲ ಸ್ಪಷ್ಟ ಹೇಳಿಬಿಡ್ತೀನಿ. ಗ್ರಾಂಡೆ ಇರೂದು ಝುವಾರಿ ನದಿ ಬಾಯಿ ಹತ್ತಿರ, ನದಿ ತರೂ ಮಣ್ಣು ಇಲ್ಲೇ ಬಂದು ಹರಡ್ತೈತಿ, ಹಿಂಗಾಗಿ ಮೂರ್ನಾಲ್ಕು ಮೀಟರ್ ಕಾಣಿಸಿತು ಅಂದ್ರ ಚಲೋ ದಿನ, ಆರೇಳು ಮೀಟರ್ ಕಾಣಿಸಿತು ಅಂದ್ರ ನಸೀಬು. ಅಂಡಮಾನ್, ಲಕ್ಷದ್ವೀಪದ ವಿಡಿಯೋ ನೋಡಿ ಬಂದೋರಿಗೆ ಮಾರಿ ಸಪ್ಪಗಾಗ್ತೈತಿ. ಖರೇವಂದ್ರ ನಮ್ಮ ರಾಜ್ಯದ್ದ ನೇತ್ರಾಣಿ, ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಒಳಗ, ಇದಕ್ಕಿಂತ ಎಷ್ಟೋ ತಿಳಿ ನೀರು. ಆದ್ರ ಅಲ್ಲಿ ಬೋಟ್ ಸವಾರಿ ದೊಡ್ಡದು, ನೀರು ಆಳ, ಮೊದಲನೇ ಸಲ ಮಾಸ್ಕ್, ಅಂದ್ರ ಕಣ್ಣು ಮೂಗು ಮುಚ್ಚೂ ಗ್ಲಾಸು, ಹಾಕ್ಕೊಳ್ಳೋರಿಗೆ ಗ್ರಾಂಡೆನ ಸಮಾ. ಪಾಠ ಇಲ್ಲಿ ಕಲೀರಿ, ನೇತ್ರಾಣಿ ಮುಂದಿನ ವರ್ಷಕ್ಕ ಇಟ್ಕೋರಿ.

ತಾರೀಖು ಹಿಡೀರಿ, ಗೋಡಿ ಮ್ಯಾಲಿನ ಕ್ಯಾಲೆಂಡರ್ ನೋಡಿ

ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ, ಬೋಟ್ ಬಂದ್. ಅಕ್ಟೋಬರ್‌ದಾಗ ಚಾಲೂ ಆಗ್ತಾವ, ಆದ್ರ ಮಾಂಡವಿ-ಝುವಾರಿ ಇನ್ನೂ ಕೆಂಪು ನೀರು ಸುರೀತಿರ್ತಾವ. ನವೆಂಬರ್ ನಡುವಿನಿಂದ ಫೆಬ್ರವರಿ ಕಡೀತನಕ ನನಗ ಸೇರಿದ ಟೈಮ್. ಮಾರ್ಚ್, ಏಪ್ರಿಲ್‌ದಾಗೂ ನೀರು ಚಲೋ ಇರ್ತೈತಿ, ಬರೇ ಮಧ್ಯಾಹ್ನದ ಗಾಳಿ ಜೋರು.

ಈಗ ಮುಖ್ಯ ಮಾತು. ಎಲ್ಲಾರೂ ಶನಿವಾರ-ಐತವಾರ ನೋಡಿ ಬುಕ್ ಮಾಡ್ತಾರ, ನೀವು ತಿಥಿ ನೋಡ್ರಿ. ನಗಬ್ಯಾಡ್ರಿ, ಇದು ಶಾಸ್ತ್ರ ಕೇಳೂದಲ್ಲ. ಹುಣ್ಣಿಮಿ, ಅಮಾಸಿ ಆಸುಪಾಸು ಸೂರ್ಯ ಚಂದ್ರ ಒಂದ ಗೆರಿಯೊಳಗ ಎಳೀತಾವ, ಉಬ್ಬರ-ಇಳಿತದ ಅಂತರ ಗೋವಾ ದಂಡಿಗೆ ಸುಮಾರು ಎರಡು ಮೀಟರ್ ಆಗ್ತೈತಿ, ಅಷ್ಟು ನೀರು ಆರು ತಾಸಿನ್ಯಾಗ ಒಳಗ ಹೊರಗ ಆಗಬೇಕಂದ್ರ ಸೆಳೆತ ಜೋರಾಗಿ ತಳದ ಮಣ್ಣೆಲ್ಲಾ ಎದ್ದು ಕೂಡ್ತೈತಿ. ಅಷ್ಟಮಿ ಬಂತಂದ್ರ ಎರಡೂ ಅಡ್ಡಡ್ಡ ಎಳೀತಾವ, ಅಂತರ ಭಾಳ ಕಡಿಮಿ, ನೀರು ತಣ್ಣಗ ಕುಂತಿರ್ತೈತಿ. ನನ್ನ ಲೆಕ್ಕ ಅಷ್ಟಮಿಯಿಂದ ದಶಮಿ, ಶುಕ್ಲಪಕ್ಷ ಆಗಲಿ ಕೃಷ್ಣಪಕ್ಷ ಆಗಲಿ. ನಮ್ಮ ಅವ್ವ ಏಕಾದಶಿ ಗುರ್ತು ಹಾಕೂ ಕ್ಯಾಲೆಂಡರ್‌ದಾಗ ನಾನು ಅಷ್ಟಮಿಗೆ ಗುರ್ತು ಹಾಕ್ತೀನಿ.

ಇನ್ನೂ ಒಂದು ಮೆಟ್ಟು ಮುಂದ ಹೋಗೋರು ಫೋನ್‌ನ್ಯಾಗ ಮುರಗಾಂವ್ ಅಂತ ಹಾಕಿ ಟೈಡ್ ಟೇಬಲ್, ಅಂದ್ರ ಉಬ್ಬರ-ಇಳಿತದ ಟೈಮ್ ಪಟ್ಟಿ, ನೋಡ್ರಿ. ನೀರು ಏರಾಕ ಹತ್ತಿದಾಗ ಹೊರಗಿನ ಸಮುದ್ರದ ತಿಳಿ ನೀರು ಒಳಗ ಬರ್ತಿರ್ತೈತಿ, ಇಳೀಲಾಕ ಹತ್ತಿದಾಗ ನದಿ ನೀರು ಹೊರಗ ಬರ್ತಿರ್ತೈತಿ. ಮುಂಜಾನೆ ಒಂಬತ್ತರಿಂದ ಹನ್ನೊಂದರೊಳಗ ಉಬ್ಬರ ಏರಾಕತ್ತೂ ದಿನ ಸಿಕ್ರ ಬಿಡಬ್ಯಾಡ್ರಿ. ವಾರದ ನಡುವ ಬಂದ್ರ ಇನ್ನೂ ಚಲೋ, ರಜಾ ಹಾಕ್ರಿ, ಆಫೀಸು ಎಲ್ಲಿಗೂ ಓಡಿಹೋಗಂಗಿಲ್ಲ.

ಗಾಳಿ ಬಗ್ಗೆನೂ ಹೇಳಬೇಕು. ಇಲ್ಲಿ ಮುಂಜಾನೆ ಸಮುದ್ರ ತಾಟಿನಂಗ ಸಪಾಟ ಇರ್ತೈತಿ, ಹನ್ನೆರಡು ಹೊಡೀತಂದ್ರ ಬಿಸಿಲಿಗೆ ನೆಲ ಕಾಯ್ದು ಸಮುದ್ರದ ಕಡಿಂದ ಗಾಳಿ ಏಳ್ತೈತಿ, ಎರಡು ಗಂಟೆಗೆ ಅಲಿ ತಲಿ ಬಿಳಿ ಆಗ್ತಾವ. ಹಿಂಗಾಗಿ ಹನ್ನೊಂದರೊಳಗ ನೀರಾಗ ಇರ್ಬೇಕು. ಮಧ್ಯಾಹ್ನದ ಬ್ಯಾಚ್ ಅಗ್ಗ ಅಂತ ಹೇಳ್ತಾರ, ಯಾಕ ಅಗ್ಗ ಅಂತ ಈಗ ಗೊತ್ತಾತಲ್ಲ.

ಎಲ್ಲಿಂದ ಹತ್ತೂದು, ಯಾವ ಬೋಟ್

ಉತ್ತರ ಗೋವಾದಾಗ ಇಳ್ಕೊಂಡೋರು ಸಿಂಕೇರಿ ಇಲ್ಲಾ ನೆರೂಲ್‌ನ ಕೊಕೊ ಬೀಚ್‌ದಾಗ ಹತ್ತತಾರ. ದಾರಿ ಉದ್ದ, ಬೋಟ್ ಮ್ಯಾಲ ಒಂದು ತಾಸು, ಮ್ಯಾಲ ಆದ್ರೂ ಆತು, ಆದ್ರ ನೋಡಾಕ ಭಾಳ ಸಿಗ್ತೈತಿ. 1612ರಾಗ ಪೋರ್ಚುಗೀಸರು ಕಟ್ಟಿದ ಆಗ್ವಾದಾ ಕೋಟಿ, ಅದರ ಕೆಳಗಿನ ಹಳೇ ಜೈಲು, ಮಾಂಡವಿ ಬಾಯಿ, ರಾಜ್ಯಪಾಲರ ಬಂಗ್ಲೆ ಇರೂ ಕಾಬೊ ಗುಡ್ಡ, ದೋನಾ ಪಾವ್ಲಾ, ಆಮ್ಯಾಲ ಝುವಾರಿ ಬಾಯಾಗ ಲಂಗರು ಹಾಕಿ ನಿಂತ ದೊಡ್ಡ ದೊಡ್ಡ ಹಡಗ. ಇದ ಮುರಗಾಂವ್ ಬಂದರದಾಗ 1943ರ ಮಾರ್ಚ್‌ದಾಗ ಎರೆನ್‌ಫೆಲ್ಸ್ ಅನ್ನೂ ಜರ್ಮನ್ ಹಡಗದ ಮ್ಯಾಲ ಕಲಕತ್ತಾದಿಂದ ಬಂದ ವಯಸ್ಸಾದ ಇಂಗ್ಲಿಷ್ ಸಾಹೇಬರ ಗುಂಪು ರಾತ್ರಿ ದಾಳಿ ಮಾಡಿತ್ತು. ಗೋವಾ ಆಗ ಪೋರ್ಚುಗೀಸರ ಕೈಯಾಗಿತ್ತು, ಎರಡನೇ ಮಹಾಯುದ್ಧದಾಗ ತಟಸ್ಥ, ಹಂಗಾಗಿ ಎಲ್ಲಾ ಕದ್ದು ಮುಚ್ಚಿ ನಡೆದಿದ್ದು. ಬೋಟ್‌ನೋರು ಇದನ್ನ ಹೇಳಂಗಿಲ್ಲ, ಅವರು ತೋರ್ಸೂದು ವಜ್ರದ ವ್ಯಾಪಾರಿ ಬಂಗ್ಲೆ.

ವಾಸ್ಕೋದ ಬೈನಾ ಬೀಚ್‌ನಿಂದ ಹತ್ತಿದ್ರ ದಾರಿ ಸಣ್ಣದು, ಹೊಟ್ಟಿ ತೊಳಸೂರಿಗೆ, ಸಣ್ಣ ಹುಡುಗೂರು ಇರೋರಿಗೆ ಇದ ಬೆಸ್ಟ್. ರೇಲ್ವೆ ಸ್ಟೇಶನ್ನೂ ಹತ್ತಿರ, ಯಶವಂತಪುರ-ವಾಸ್ಕೋ ರೈಲಿಗೆ ಬಂದಿಳಿದು ಸೀದಾ ಬರಬಹುದು. ಅದೂ ಅಲ್ದ ಬೈನಾದಾಗ ಕನ್ನಡಕ್ಕ ತೊಂದ್ರಿ ಇಲ್ಲ, ಚಾದ ಅಂಗಡ್ಯಾಗ ನಿಂತು "ಅಣ್ಣಾ, ಬೋಟ್ ಎಲ್ಲಿ ಬಿಡ್ತಾರ್ರಿ" ಅಂದ್ರ ಬಾಗಲಕೋಟಿನೋರೊಬ್ರು, ವಿಜಾಪುರದೋರೊಬ್ರು ತಿರುಗಿ ನೋಡ್ತಾರ.

ರೊಕ್ಕ ಸೀಸನ್ ನೋಡಿ ಹೆಚ್ಚುಕಡಿಮಿ ಆಗ್ತೈತಿ, ಹಂಚ್ಕೊಂಡು ಹೋಗೂ ಬೋಟ್‌ಗೆ ತಲಿಗೆ 1,500ರಿಂದ 2,500 ರೂಪಾಯಿ ಆಸುಪಾಸು ಕೇಳ್ತಾರ, ಊಟ ಸೇರಿ. ಬೀಚ್‌ದಾಗ ಪಾಂಪ್ಲೆಟ್ ಹಿಡ್ಕೊಂಡು ಬರೂ ಹುಡುಗನ ಹತ್ತಿರ ಚೌಕಾಸಿ ಮಾಡೂ ಬದ್ಲು ನಾ ಕೇಳೂ ಪ್ರಶ್ನೆ ಇವು: ಬೋಟ್‌ಗೆ ಎಷ್ಟು ಮಂದಿಗೆ ಪರವಾನಗಿ ಐತಿ, ನೀವು ಎಷ್ಟು ಮಂದಿ ಹಾಕ್ತೀರಿ? ನೀರಾಗ ಎಷ್ಟು ಹೊತ್ತು ಬಿಡ್ತೀರಿ? ಎಷ್ಟು ಮಂದಿಗೆ ಒಬ್ಬ ಗೈಡ್ ಇಳೀತಾನ? ಮಾಸ್ಕ್ ಸಣ್ಣ ಹುಡುಗೂರ ಸೈಜ್ ಐತೇನು? ಬೋಟ್‌ನ್ಯಾಗ ಸಂಡಾಸ ಐತೇನು? ಕಡೀ ಪ್ರಶ್ನೆಗೆ ಉತ್ತರ ಹೆಚ್ಚಾಗಿ ಇಲ್ಲ ಅಂತನ ಬರ್ತೈತಿ, ಹೆಣ್ಮಕ್ಕಳಿಗೆ ಇದನ್ನ ಮೊದಲ ಹೇಳ್ರಿ, ಬೋಟ್‌ನ್ಯಾಗ ಗೊತ್ತಾದ್ರ ಭಾಳ ಫಜೀತಿ. ನೀರಾಗ ಎಷ್ಟು ಹೊತ್ತು ಅನ್ನೂದಕ್ಕ "ಹತ್ತು ಹದಿನೈದು ನಿಮಿಷ" ಅಂದ್ರ ಆ ಬೋಟ್ ಬಿಡ್ರಿ, ಮಾಸ್ಕ್ ಸರಿ ಮಾಡ್ಕೊಳ್ಳಾಕ ಅಷ್ಟು ಬೇಕು.

ಗೋವಾದಾಗ ಬೋಟ್‌ಗಳ ನೋಂದಣಿ ನೋಡ್ಕೊಳ್ಳೂದು ಕ್ಯಾಪ್ಟನ್ ಆಫ್ ಪೋರ್ಟ್ಸ್ ಅನ್ನೂ ಇಲಾಖೆ. ಬೋಟ್ ಮ್ಯಾಲ ನಂಬರ್ ಬರೆದಿರ್ಬೇಕು, ತಲಿಗೊಂದು ಲೈಫ್ ಜಾಕೆಟ್ ಇರ್ಬೇಕು. 2024ರ ಡಿಸೆಂಬರ್ 18ಕ್ಕ ಮುಂಬೈದಾಗ ಗೇಟ್‌ವೇದಿಂದ ಎಲಿಫೆಂಟಾಕ್ಕ ಹೊಂಟ ಫೆರಿಗೆ ನೇವಿ ಬೋಟ್ ಬಡಿದು ಹತ್ತಕ್ಕಿಂತ ಹೆಚ್ಚು ಜನ ಸತ್ರು, ಅದಾಗಿ ಒಂದು ವಾರಕ್ಕ, ಕ್ರಿಸ್‌ಮಸ್ ದಿನಾನ, ಕಲಂಗೂಟ್‌ದಾಗ ಪ್ರವಾಸಿ ಬೋಟ್ ಮಗುಚಿತು. ಹಿಂಗಾಗಿ ಜಾಕೆಟ್ "ಸೀಟಿನ ಕೆಳಗ ಐತಿ, ಬೇಕಾದಾಗ ಹಾಕ್ಕೋರಿ" ಅಂದ್ರ ಒಪ್ಪಬ್ಯಾಡ್ರಿ. ದಂಡಿಮ್ಯಾಲನ ಹಾಕ್ಕೋರಿ, ಕಾಲಸಂದಿ ಪಟ್ಟಿ ಇದ್ರ ಅದನ್ನೂ ಬಿಗೀರಿ, ಬಕ್ಕಲ್ ಮುರದಿದ್ರ ಬ್ಯಾರೆ ಕೇಳ್ರಿ, ನಾಚಿಕಿ ಬ್ಯಾಡ.

ಇನ್ನೊಂದು ಗೊಂದಲ. ಸ್ನಾರ್ಕ್ಲಿಂಗ್ ಅಂದ್ರ ನೀರಿನ ಮ್ಯಾಲ ಬೋರಲ ತೇಲಿಕೋತ ಕೊಳವಿಯಿಂದ ಉಸುರು ತಗೊಳ್ಳೂದು. ಸ್ಕೂಬಾ ಅಂದ್ರ ಬೆನ್ನಿಗೆ ಸಿಲಿಂಡರ್ ಕಟ್ಟಿ ಕೆಳಗ ಇಳಿಯೂದು. ಎರಡನ್ನೂ ಒಂದ ರೇಟಿಗೆ ಮಾರೂ ಮಂದಿ ಅದಾರ. ಸ್ಕೂಬಾ ಮಾಡೂ ಇಚ್ಛಾ ಇದ್ರ ಬ್ಯಾರೆ ದಿನ ಇಟ್ಕೊಂಡು, ತರಬೇತಿ ಕೊಡೂ ಡೈವ್ ಸೆಂಟರ್‌ಗೆ ಹೋಗ್ರಿ. ಯಾಕ ಬ್ಯಾರೆ ದಿನ ಅಂತ ಕಡೀಕ ಹೇಳ್ತೀನಿ, ಅದ್ರಾಗ ನಮ್ಮ ಘಾಟ್ ಬರ್ತೈತಿ.

ಮನ್ಯಾಗ ಬಕೆಟ್ ಮುಂದ ಕುಂತು ಪ್ರಾಕ್ಟೀಸ್

ನಮ್ಮ ಕಾಕಾ ಗದಗ ಕಡೆ ಹಳ್ಳ್ಯಾಗ ಬಾವ್ಯಾಗ ಈಜು ಕಲ್ತ ಮನಷ್ಯಾ, ನಲವತ್ತು ಅಡಿ ಬಾವಿಗೆ ಮ್ಯಾಲಿಂದ ದುಮುಕಿ ತಳದ ಮಣ್ಣು ತರ್ತಿದ್ರು. ಅವರು ಗ್ರಾಂಡೆದಾಗ ಮಾಸ್ಕ್ ಹಾಕ್ಕೊಂಡು ಇಳಿದು ಮೂವತ್ತು ಸೆಕೆಂಡಿಗೆ "ಎಳೀರಲೇ ಮ್ಯಾಲ" ಅಂತ ಚೀರಿದ್ರು. ನನ್ನ ತಂಗಿಗೆ ಈಜು ಅನ್ನೂದ ಬರಂಗಿಲ್ಲ, ಅಕಿ ಜಾಕೆಟ್ ಮ್ಯಾಲ ಮುಖ ಕೆಳಗ ಮಾಡಿ ಅರ್ಧ ತಾಸು ಆರಾಮ ತೇಲಿದ್ಲು. ಕಾಕಾಗ ಆಗಿದ್ದೇನಂದ್ರ, ಈಜು ಬರೋರಿಗೆ ನೀರಾಗ ಮುಖ ಇಟ್ರ ಉಸುರು ಕಟ್ಟಬೇಕು ಅಂತ ಮೈಗೆ ರೂಢಿ ಆಗಿರ್ತೈತಿ. ಇಲ್ಲಿ ಮುಖ ನೀರಾಗ ಇಟ್ಟು ಬಾಯಿಲೆ ಉಸುರಾಡಬೇಕು, ಮೂಗು ಬಂದ್. ತಲಿ ಒಪ್ಪಂಗಿಲ್ಲ. ಎದಿ ಢವ ಢವ ಅಂತೈತಿ, ಉಸುರು ಸಣ್ಣ ಸಣ್ಣದಾಗ್ತೈತಿ, ಕೊಳವ್ಯಾಗಿನ ಹಳೇ ಗಾಳಿನ ಒಳಗ ಹೊರಗ ಆಗ್ತೈತಿ, ಮತ್ತಷ್ಟು ದಮ್ಮು ಕಟ್ಟಿದಂಗ.

ಇದಕ್ಕ ಔಷಧ ಮನ್ಯಾಗ ಐತಿ. ಒಂದು ಮಾಸ್ಕ್, ಒಂದು ಕೊಳವಿ ಕೊಂಡ್ಕೊಂಡ್ರ ಚಲೋ, ಬಾಡಿಗಿ ಮಾಸ್ಕ್ ಎಷ್ಟು ಮಂದಿ ಬಾಯಿಗೆ ಹೋಗಿರ್ತೈತೋ ಏನೋ, ನನಗಂತೂ ಆಗಂಗಿಲ್ಲ. ದೊಡ್ಡ ಬಕೆಟ್ ಇಲ್ಲಾ ಟಬ್‌ನ್ಯಾಗ ನೀರು ತುಂಬಿ, ಬಾಜೂಕ ಮಂಡಿ ಊರಿ, ಮಾಸ್ಕ್ ಹಾಕಿ ಕೊಳವಿ ಕಚ್ಚಿ ಮುಖ ನೀರಾಗ ಇಡ್ರಿ. ಉಸುರು ನಿಧಾನ ಒಳಗ, ಅದಕ್ಕಿಂತ ನಿಧಾನ ಹೊರಗ. ಮೊದಲನೇ ದಿನ ಒಂದು ನಿಮಿಷ, ಎರಡನೇ ದಿನ ಮೂರು, ಮೂರನೇ ದಿನ ಐದು. ಮನಿಮಂದಿ ನಗ್ತಾರ, ನಗಲಿ. ಕಾಕಾ ಮರುವರ್ಷ ಇದನ್ನ ದನದ ಕೊಟ್ಟಿಗಿ ದೋಣ್ಯಾಗ ಮಾಡಿ ಬಂದಿದ್ರು, ಅಂದ್ರ ಎತ್ತು ನೀರು ಕುಡಿಯೂ ಕಲ್ಲಿನ ದೋಣಿ, ಎತ್ತು ಏನು ತಿಳ್ಕೊಂಡಿತೋ ಏನೋ.

ಮಾಸ್ಕ್ ಸರಿಯಾಗಿ ಕೂಡ್ತೈತೋ ಇಲ್ಲೋ ನೋಡೂದು ಹಿಂಗ: ಪಟ್ಟಿ ತಲಿಗೆ ಹಾಕದ ಮುಖಕ್ಕ ಒತ್ತಿ ಮೂಗಿಲೆ ಉಸುರು ಒಳಗ ಎಳೀರಿ, ಕೈ ಬಿಡ್ರಿ. ಅಂಟ್ಕೊಂಡು ನಿಂತ್ರ ಅದು ನಿಮ್ಮದು, ಬಿದ್ರ ಬ್ಯಾರೆ ನೋಡ್ರಿ. ಒಳಗ ಒಂದು ಕೂದಲ ಸಿಕ್ರೂ ನೀರು ಬರ್ತೈತಿ, ಮೀಸಿ ಇದ್ದೋರಿಗೆ ಅಂತೂ ಬರೂದ. ಮೀಸಿ ಬೋಳ್ಸಾಕ ನಮ್ಮ ಕಡೆ ಯಾರೂ ತಯಾರಿರಂಗಿಲ್ಲ, ಅದಕ್ಕ ಮೂಗಿನ ಕೆಳಗ ವ್ಯಾಸಲಿನ್ ಹಚ್ಚಿ ಮಾಸ್ಕ್ ಒತ್ತರಿ, ಭಾಳಷ್ಟು ನಿಲ್ತೈತಿ. ಪಟ್ಟಿ ಬಿಗಿ ಎಳೆದ್ರ ಸೋರೂದು ನಿಲ್ತೈತಿ ಅಂತ ಎಲ್ಲಾರೂ ತಿಳ್ಕೊಂಡಿರ್ತಾರ, ಉಲ್ಟಾ, ರಬ್ಬರ್ ಸೊಟ್ಟ ಆಗಿ ಜಾಸ್ತಿ ಸೋರ್ತೈತಿ.

ಗ್ಲಾಸಿಗೆ ಮಂಜು ಕಟ್ಟದಂಗ ಬೇಬಿ ಶಾಂಪೂ ಒಂದು ಹನಿ ಸವರಿ ಒಂಚೂರು ತೊಳೀರಿ. ಶಾಂಪೂ ಇಲ್ಲಾಂದ್ರ ಉಗುಳು ಸಾಕು, ಬೋಟ್ ಹುಡುಗೂರು ಅದನ್ನ ಮಾಡೂದು.

ಪೂರ್ತಿ ಮುಖ ಮುಚ್ಚೂ ಮಾಸ್ಕ್ ಈಗ ಆನ್‌ಲೈನ್‌ದಾಗ ಭಾಳ ಮಾರಾಟ ಅದಾವ, ನೋಡಾಕ ಚಂದ. ನಾ ತಗೋಬ್ಯಾಡ್ರಿ ಅಂತೀನಿ. ಅಗ್ಗದ ಮಾಲಿನ್ಯಾಗ ಬಿಟ್ಟ ಉಸುರು ಪೂರ್ತಿ ಹೊರಗ ಹೋಗದ ಒಳಗ ಸುತ್ತತೈತಿ, ತಲಿ ತಿರಗತೈತಿ, ಮ್ಯಾಲ ಗಾಬರಿ ಆದಾಗ ಒಂದ ಸಲಕ್ಕ ಕಿತ್ತೊಗಿಯಾಕ ಬರಂಗಿಲ್ಲ.

ಹಿಂದಿನ ರಾತ್ರಿ, ಮರುದಿನ ಮುಂಜಾನೆ

ಗೋವಾಕ್ಕ ಬಂದೀವಿ ಅಂತ ಹಿಂದಿನ ರಾತ್ರಿ ಎರಡು ಗಂಟೆತನಕ ಕುಡಿಯೂದು, ಮುಂಜಾನೆ ತಲಿ ಹಿಡ್ಕೊಂಡು ಬೋಟ್ ಹತ್ತೂದು, ಇದಕ್ಕಿಂತ ಪಕ್ಕಾ ವಾಂತಿ ದಾರಿ ಇನ್ನೊಂದಿಲ್ಲ. ನಿದ್ದಿ ಮಾಡ್ರಿ. ಬಸ್‌ನ್ಯಾಗ ಚೋರ್ಲಾ ಘಾಟ್ ಇಳೀಬೇಕಾದ್ರ ಹೊಟ್ಟಿ ತೊಳಸೂ ಮಂದಿಗೆ ಬೋಟ್‌ನ್ಯಾಗ ಖಂಡಿತ ತೊಳಸ್ತೈತಿ. ಅವೊಮಿನ್ ಅಂತ ಗುಳಿಗಿ ಎಲ್ಲಾ ಮೆಡಿಕಲ್‌ದಾಗ ಸಿಗ್ತೈತಿ, ಆದ್ರ ನಿಮ್ಮ ಡಾಕ್ಟರ್‌ನ ಕೇಳಿ ತಗೋರಿ, ನಿದ್ದಿಗಣ್ಣು ಮಾಡ್ತೈತಿ, ಮ್ಯಾಲ ಬಿಯರ್ ಅಂತೂ ಮುಟ್ಟಬ್ಯಾಡ್ರಿ. ತಗೊಳ್ಳೂದಾದ್ರ ಬೋಟ್ ಹತ್ತೂಕಿಂತ ಒಂದೆರಡು ತಾಸು ಮೊದಲ, ವಾಂತಿ ಬಂದಮ್ಯಾಲ ನುಂಗಿದ್ರ ಗುಳಿಗಿನೂ ಹೊರಗ ಬರ್ತೈತಿ.

ಮುಂಜಾನೆ ಎರಡು ಇಡ್ಲಿ, ಬಾಳಿಹಣ್ಣು, ಸಾಕು. ಗೋವಾದ ಪಾವ್-ಭಾಜಿ, ಮಿರ್ಚಿ ವಾಪಸ್ ಬಂದಮ್ಯಾಲ ತಿನ್ರಿ. ಖಾಲಿ ಹೊಟ್ಟಿನೂ ಚಲೋ ಅಲ್ಲ.

ಅರಬಿ ಬಗ್ಗೆ ನಮ್ಮ ಮಂದಿ ಭಾಳ ಸಂಕೋಚ ಮಾಡ್ತಾರ. ಸೀರಿ ಉಟ್ಟು ಬೋಟ್‌ನ್ಯಾಗ ಕುಂಡ್ರಬಹುದು, ನೀರಿಗೆ ಇಳಿಯೂದು ಬ್ಯಾಡ, ಕಾಲಿಗೆ ಸುತ್ಕೊಂಡ್ರ ಏಣಿ ಹತ್ತಾಕ ಆಗಂಗಿಲ್ಲ. ಕಾಟನ್ ಚೂಡಿದಾರ ನೀರು ಕುಡಿದು ಹತ್ತು ಕಿಲೋ ಆದಂಗ ಆಗ್ತೈತಿ. ನಾ ಎಲ್ಲಾರಿಗೂ ಹೇಳೂದು ಒಂದ: ಫುಟ್‌ಬಾಲ್ ಆಡೋರು ಹಾಕ್ಕೊಳ್ಳೂ ಉದ್ದ ತೋಳಿನ ನೈಲಾನ್ ಟೀಶರ್ಟ್, ಕೆಳಗ ಲೆಗ್ಗಿಂಗ್. ಅಕ್ಕ, ವೈನಿ, ಕಾಕು ಎಲ್ಲಾರೂ ಇದನ್ನ ಹಾಕ್ಕೊಂಡು ಇಳಿದಾರ, ಯಾರೂ ತಿರುಗಿ ನೋಡಂಗಿಲ್ಲ. ಬಿಸಿಲಿನ ದೃಷ್ಟಿಯಿಂದನೂ ಇದ ಚಲೋ, ಯಾಕಂದ್ರ ಬೋರಲ ತೇಲಾಕ ಹತ್ತಿದಾಗ ತಂಪು ನೀರಿಗೆ ಬಿಸಿಲು ಗೊತ್ತಾಗಂಗಿಲ್ಲ, ರಾತ್ರಿ ನೋಡಿದ್ರ ಕುತಿಗಿ ಹಿಂದ, ಮೀನಖಂಡ, ಬೆನ್ನು ಸುಟ್ಟು ಹೋಗಿರ್ತಾವ. ಸನ್‌ಸ್ಕ್ರೀನ್ ಮುಖಕ್ಕ, ಕಿವಿಗೆ, ಪಾದದ ಮ್ಯಾಲ ಹಚ್ರಿ, ಅದೂ ಅರ್ಧ ತಾಸು ಮೊದಲ, ಹಣಿಗೆ ಹಚ್ಚಿದ್ದು ಕಣ್ಣಿಗೆ ಇಳಿದು ಉರೀತೈತಿ.

ಉಂಗುರ, ತಾಳಿ, ಬಿಲ್ವಾರ ಎಲ್ಲಾ ರೂಮ್‌ನ್ಯಾಗ. ನೀರಾಗ ಬೆರಳು ಸಣ್ಣಗಾಗ್ತಾವ, ಜಾರಿಕೀನೂ ಆಗ್ತೈತಿ, ಮಾಮಾನ ಉಂಗುರ ಹೋದದ್ದು ಹಂಗ, ಮದುವಿಯಾಗ ಸ್ವಾದರಮಾವ ಹಾಕಿದ ಉಂಗುರ, ಇವತ್ತಿಗೂ ಅತ್ತಿ ನನ್ನ ಮುಖ ನೋಡಿದಾಗೊಮ್ಮೆ ಅದನ್ನ ತಗೀತಾರ.

ದಮ್ಮು, ಹಾರ್ಟ್, ಬಿಪಿ ಇರೋರು ಡಾಕ್ಟರ್ ಕೇಳದ ನೀರಿಗೆ ಇಳೀಬ್ಯಾಡ್ರಿ. ನೆಗಡಿ ಇದ್ರ ಮ್ಯಾಲ ತೇಲಬಹುದು, ಕೆಳಗ ಮುಳುಗಬ್ಯಾಡ್ರಿ, ಕಿವಿ ಒಡೀತಾವ.

ಬೋಟ್ ಹತ್ತಿದ ಮ್ಯಾಲ

ಹುಡುಗೂರೆಲ್ಲಾ ಮುಂದಿನ ತುದಿಗೆ ಓಡ್ತಾರ, ಅಲ್ಲೇ ಹೆಚ್ಚು ಎತ್ತಿ ಒಗಿಯೂದು. ನೀವು ನಡುವ, ಇಲ್ಲಾ ಸ್ವಲ್ಪ ಹಿಂದ, ಎಂಜಿನ್ ಹೊಗಿ ಬರದಂಥ ಕಡೆ ಕುಂಡ್ರಿ. ಕಣ್ಣು ದೂರದ ಗೆರಿ ಮ್ಯಾಲ ಇರ್ಲಿ, ಆಕಾಶ ನೀರು ಕೂಡೂ ಕಡೆ. ಫೋನ್ ನೋಡಿದ್ರೋ ಮುಗೀತು.

ದಾರ್ಯಾಗ ಡಾಲ್ಫಿನ್ ಕಾಣ್ತಾವ, ಬೆನ್ನ ಮ್ಯಾಲ ಡುಬ್ಬ ಇರೂ ಜಾತಿ, ನದಿ ಬಾಯಿ ಹತ್ತಿರ ಮೀನಕ್ಕ ಬರ್ತಾವ. ಟೀವಿಯೊಳಗಿನಂಗ ಜಿಗಿಯಂಗಿಲ್ಲ, ಬೆನ್ನು ತೋರಿಸಿ ಹೋಗ್ತಾವ. ಬೋಟ್‌ನೋರು ಎಂಜಿನ್ ಜೋರು ಮಾಡಿ ಬೆನ್ನ ಹತ್ತಿದ್ರ "ಬ್ಯಾಡ್ರಿ, ನಿಲ್ಲಸ್ರಿ" ಅನ್ರಿ. ಎಂಜಿನ್ ಆರಿಸಿ ಸುಮ್ನ ನಿಂತಾಗ ನಮ್ಮ ಬೋಟ್ ಹತ್ತಿರನ ಎದ್ದಿದ್ವು, ಉಸುರು ಬಿಟ್ಟ "ಫಸ್" ಅನ್ನೂ ಸಪ್ಪಳನೂ ಕೇಳಿಸ್ತು.

ಬಿಯರ್ ಟ್ರಿಪ್‌ನ್ಯಾಗ ಸೇರಿರ್ತೈತಿ, ಹತ್ತಿದ ಕೂಡ್ಲೆ ಕೈಗೆ ಕೊಡ್ತಾರ. ನೀರಿಂದ ಮ್ಯಾಲ ಬಂದಮ್ಯಾಲ ಕೊಡ್ರಿ ಅನ್ರಿ. ಇದರಾಗ ನಾನು ಒಂಚೂರೂ ಬಗ್ಗಂಗಿಲ್ಲ, ಕುಡಿದೋರನ್ನ ನಮ್ಮ ಗುಂಪಿನ್ಯಾಗ ಇಳಿಯಾಕ ಬಿಡಂಗಿಲ್ಲ, ಅಳಿಯಾ ಆಗಲಿ ಮತ್ಯಾರ ಆಗಲಿ.

ನೀರಿಗೆ ಇಳಿಯೂದು

ಜಿಗೀಬ್ಯಾಡ್ರಿ. ಏಣಿಯಿಂದ ಇಳೀರಿ, ಒಂದು ಕೈಲೆ ಏಣಿ ಹಿಡ್ಕೊಂಡ, ಮುಖ ನೀರಾಗ ಇಟ್ಟು ಇಪ್ಪತ್ತು ಸಲ ಉಸುರು ಎಣಸ್ರಿ. ಇಪ್ಪತ್ತು ಆಗೂತನಕ ಏಣಿ ಬಿಡಬ್ಯಾಡ್ರಿ, ಗೈಡ್ "ಚಲೋ ಚಲೋ" ಅಂತ ಅವಸರ ಮಾಡ್ತಾನ, ಮಾಡ್ಲಿ. ಬಕೆಟ್‌ನ್ಯಾಗ ಮಾಡಿದ್ದು ಇಲ್ಲಿ ನೆನಪಿಗೆ ಬರ್ತೈತಿ, ಎದಿ ಬಡಿತ ತಾನ ಇಳೀತೈತಿ. ಆಮ್ಯಾಲ ಕೈ ಬಿಟ್ಟು ಕಾಲು ಹಿಂದ ಚಾಚ್ರಿ, ಕೈ ಬಡೀಬ್ಯಾಡ್ರಿ, ಎದಿಮ್ಯಾಲ ಕಟ್ಕೋರಿ ಬೇಕಾದ್ರ. ಕೈ ಬಡಿದಷ್ಟು ದಣಿತೀರಿ, ಮೀನನೂ ಓಡ್ತಾವ. ಕಾಲು ಸೊಂಟದಿಂದ ನಿಧಾನ ಆಡ್ಸ್ರಿ, ಸೈಕಲ್ ತುಳದಂಗ ಅಲ್ಲ.

ಕೊಳವ್ಯಾಗ ನೀರು ಬಂದ್ರ ತಲಿ ಎತ್ತಬ್ಯಾಡ್ರಿ, "ಫೂ" ಅಂತ ಒಂದ ಸಲಕ್ಕ ಜೋರಾಗಿ ಊದ್ರಿ, ಒಲಿ ಊದುಗೊಳವಿ ಊದಿದಂಗ. ಆಮ್ಯಾಲಿನ ಮೊದಲನೇ ಉಸುರು ಮಾತ್ರ ಹುಷಾರಿಲೆ ಎಳೀರಿ, ಹನಿ ಉಳದಿರ್ತೈತಿ. ಮಾಸ್ಕ್‌ನ್ಯಾಗ ನೀರು ಬಂದ್ರ ತಲಿ ಮ್ಯಾಲ ಎತ್ತಿ, ಮಾಸ್ಕ್‌ನ ಮ್ಯಾಲಿನ ಅಂಚು ಹಣಿಗೆ ಒತ್ತಿ ಮೂಗಿಲೆ ಉಸುರು ಬಿಡ್ರಿ, ನೀರು ಕೆಳಗಿಂದ ಹೋಗ್ತೈತಿ. ಇವೆರಡನ್ನೂ ಬೋಟ್ ಬಾಜೂಕ ಒಂದೊಂದು ಸಲ ಬೇಕಂತ ನೀರು ತಗೊಂಡು ಮಾಡಿ ನೋಡಿ ಆಮ್ಯಾಲ ಮುಂದ ಹೋಗ್ರಿ. ಹೆದರಿಕಿ ಅರ್ಧ ಅಲ್ಲೇ ಸಾಯ್ತೈತಿ.

ಮತ್ತ ಏನು ಕಾಣ್ತೈತಿ? ಬರೇ ನೀರು ನೋಡಬ್ಯಾಡ್ರಿ, ಬಂಡಿಗಲ್ಲಿನ ಅಂಚು ಹಿಡ್ಕೊಂಡು ಹೋಗ್ರಿ, ಮೀನ ಇರೂದು ಅಲ್ಲೇ. ಹಳದಿ ಬೆನ್ನು, ಮೈಮ್ಯಾಲ ಕರೀ ಅಡ್ಡಪಟ್ಟಿ, ಅಂಗೈಯಷ್ಟು ದೊಡ್ಡದು ಗುಂಪು ಗುಂಪಾಗಿ ಬಂದ್ರ ಅದು ಸಾರ್ಜೆಂಟ್ ಮೇಜರ್. ಗಿಣಿ ಮೂಗಿನಂಥ ಬಾಯಿ ಇದ್ದು ಕಲ್ಲು ಕೆರೀತಿದ್ರ ಪ್ಯಾರಟ್ ಫಿಶ್, ಕಿವಿಗೊಟ್ಟು ಕೇಳ್ರಿ, ಕಟಕ ರೊಟ್ಟಿ ಕಡಿದಂಗ ಸಪ್ಪಳ ಬರ್ತೈತಿ. ಜೋಡಿಜೋಡ್ಯಾಗಿ ತಿರಗೂ ಬಟರ್‌ಫ್ಲೈ ಫಿಶ್ ಅದಾವ. ಹವಳ ಇಲ್ಲಿ ಅಲ್ಲಲ್ಲಿ ತೇಪಿ ಹಾಕಿದಂಗ, ಬಣ್ಣದ ತೋಟ ಅಂತ ತಿಳ್ಕೋಬ್ಯಾಡ್ರಿ, ಕಂದು ಗುಂಡುಕಲ್ಲಿನಂಗ ಕಾಣ್ತಾವ. ಆದ್ರೂ ಅವು ಜೀವ. ಮ್ಯಾಲ ನಿಂದರಬ್ಯಾಡ್ರಿ, ಮುರೀಬ್ಯಾಡ್ರಿ, ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಳಗ ಹವಳಕ್ಕ ಹುಲಿಯಷ್ಟ ರಕ್ಷಣೆ ಐತಿ. ಬ್ರೆಡ್ಡು, ಬಿಸ್ಕಿಟ್ ಒಗದು ಮೀನ ಕರಿಯೂದು ನನಗ ಸೇರಂಗಿಲ್ಲ, ಫೋಟೋಕ್ಕ ಚಂದ ಕಾಣ್ತೈತಿ, ಮೀನಿನ ಹೊಟ್ಟಿಗೆ ಮೈದಾ ಯಾಕ.

ಕಲ್ಲಿನ ಸಂದ್ಯಾಗ ಕೈ ಹಾಕಬ್ಯಾಡ್ರಿ. ಕರೀ ಉದ್ದ ಮುಳ್ಳಿನ ಚೆಂಡಿನಂಥ ಅರ್ಚಿನ್ ಇರ್ತಾವ, ಚುಚ್ಚಿದ್ರ ಮುಳ್ಳು ಒಳಗ ಮುರೀತೈತಿ, ತಡಕೊಳ್ಳೂವಷ್ಟು ಬಿಸಿನೀರಾಗ ಕಾಲಿಟ್ಟು ಕುಂತು ಆಮ್ಯಾಲ ಡಾಕ್ಟರ್. ಲಯನ್ ಫಿಶ್ ಅಂತ ರೆಕ್ಕಿ ಬಿಚ್ಚಿಕೊಂಡು ಚಂದ ಇರ್ತೈತಿ, ಅದರ ಮುಳ್ಳಿನ್ಯಾಗ ವಿಷ. ಜೆಲ್ಲಿಫಿಶ್ ಬಡದ್ರ ತಿಕ್ಕಬ್ಯಾಡ್ರಿ, ಸಿಹಿನೀರು ಹಾಕಬ್ಯಾಡ್ರಿ, ಸಮುದ್ರದ ನೀರಿನಿಂದನ ತೊಳೆದು ಅಂಟಿದ ದಾರದಂಥದ್ದನ್ನ ಕೆರೀದ ಚಿಮಟಿಗಿಲೆ ಮೆಲ್ಲಕ ಎತ್ತಿ ತಗೀರಿ. ಉಸುರಿಗೆ ತ್ರಾಸಾದ್ರ, ಮುಖ ಬಾತ್ರ ತಡಾ ಮಾಡದ ದಂಡಿಗೆ.

ಜೋಡಿ ಬಿಟ್ಟು ಹೋಗಬ್ಯಾಡ್ರಿ. ಪ್ರತಿ ನಾಲ್ಕೈದು ನಿಮಿಷಕ್ಕ ತಲಿ ಎತ್ತಿ ಬೋಟ್ ಎಲ್ಲೈತಿ ನೋಡ್ರಿ, ಕೆಳಗ ನೋಡಿಕೋತ ಸೆಳವಿಗೆ ಎಷ್ಟು ದೂರ ಬಂದೀವಿ ಅನ್ನೂದ ಗೊತ್ತಾಗಂಗಿಲ್ಲ. ಹೋಗಬೇಕಾದ್ರ ಸೆಳವಿನ ಎದುರಿಗೆ ಹೋಗ್ರಿ, ಬರಬೇಕಾದ್ರ ಅದು ತಾನ ತಂದು ಬಿಡ್ತೈತಿ. ಮೈ ನಡಗಾಕ ಹತ್ತಿದ್ರ ಮ್ಯಾಲ ಬರ್ರಿ, ನಮ್ಮ ಕಡೆ ಮಂದಿಗೆ ನಲವತ್ತು ನಿಮಿಷಕ್ಕ ಚಳಿ ಹತ್ತತೈತಿ.

ಊಟ

ಅನ್ನ, ಮೀನಿನ ಸಾರು, ಕೋಳಿ ಬಾರ್ಬೆಕ್ಯೂ, ಸಲಾಡು. ವೆಜ್ ಅಂದ್ರ ಅದ ಅನ್ನಕ್ಕ ದಾಲ್, ಬುಕ್ ಮಾಡಬೇಕಾದ್ರನ ಹೇಳಿರ್ಬೇಕು. ನಮ್ಮ ಅವ್ವನಂಥ ಕಟ್ಟಾ ಮಂದಿ ಇದ್ರ ಮನಿ ಬುತ್ತಿ ಒಯ್ಯೂದ ಬರೋಬ್ಬರಿ. ಕಟಕ ರೊಟ್ಟಿ, ಶೇಂಗಾ ಚಟ್ನಿ ಒಯ್ದಿದ್ವಿ, ಸಮುದ್ರದ ಹವಾಕ್ಕ ಅರ್ಧ ತಾಸಿನ್ಯಾಗ ರೊಟ್ಟಿ ಮೆತ್ತಗಾಗಿ ಚಪಾತಿಗಿಂತ ಕಡಿ ಆದ್ವು, ಚಟ್ನಿ ಪುಡಿ ಗಾಳಿಗೆ ಹಾರಿ ಪಕ್ಕದ ದಿಲ್ಲಿ ಮಂದಿ ಕಣ್ಣಿಗೆ ಹೋತು. ಮೆತ್ತನ ರೊಟ್ಟಿ, ಎಣ್ಣಿ ಹಾಕಿ ಕಲಸಿದ ಚಟ್ನಿ, ಮೊಸರನ್ನ ಒಯ್ರಿ. ನೀರು ತಲಿಗೆ ಎರಡು ಲೀಟರ್. ಕೊಳವಿಯಿಂದ ಉಸುರಾಡಿ, ಉಪ್ಪು ನೀರು ಬಾಯಿಗೆ ಹೋಗಿ ನೀರಡಿಕಿ ಭಾಳ.

ತಾಟು, ಬಾಟ್ಲಿ, ಚೀಲ ಹೊತ್ಕೊಂಡು ವಾಪಸ್ ಬರ್ರಿ. ದ್ವೀಪದ ಕಲ್ಲಿನ ಸಂದ್ಯಾಗ ಕುರಕುರೆ ಪಾಕೀಟು ನೋಡಿದಾಗ ಹೊಟ್ಟಿ ಉರೀತೈತಿ.

ವಾಪಸ್ ಬಂದಮ್ಯಾಲ

ಬರಬೇಕಾದ್ರ ಗಾಳಿ ಎದ್ದಿರ್ತೈತಿ, ತೊಯ್ಸ್ಕೋತೀರಿ. ಫೋನ್, ರೊಕ್ಕ ದಪ್ಪ ಪ್ಲಾಸ್ಟಿಕ್‌ನ್ಯಾಗ ಕಟ್ಟಿ ಡಬ್ಬಿಯೊಳಗ ಇಡ್ರಿ. ಮಾಸ್ಕ್ ಸಿಹಿನೀರಿಲೆ ತೊಳೆದು ನೆರಳಾಗ ಒಣಗಸ್ರಿ, ಬಿಸಿಲಿಗೆ ಇಟ್ರ ರಬ್ಬರ್ ಹೋಗ್ತೈತಿ. ಕಿವ್ಯಾಗ ನೀರು ಉಳಿದ್ರ ತಲಿ ವಾರಿ ಮಾಡಿ ಕುಪ್ಪಳಸ್ರಿ, ಕಡ್ಡಿ ಹಾಕಬ್ಯಾಡ್ರಿ. ರಾತ್ರಿ ಹಾಸಿಗಿ ಮ್ಯಾಲ ಮಲಗಿದಾಗ ಮಂಚ ತೂಗಿದಂಗ ಆಗ್ತೈತಿ, ಗಾಬರಿ ಬ್ಯಾಡ, ಮುಂಜಾನೆ ಹೋಗಿರ್ತೈತಿ.

ಈಗ ಘಾಟ್ ಮಾತು. ಬರೇ ಸ್ನಾರ್ಕ್ಲಿಂಗ್ ಮಾಡಿದೋರು ಅವತ್ತ ರಾತ್ರಿ ಬಸ್ ಹಿಡಿದು ಊರಿಗೆ ಹೋಗಬಹುದು, ಏನೂ ಆಗಂಗಿಲ್ಲ. ಸಿಲಿಂಡರ್ ಕಟ್ಟಿ ಕೆಳಗ ಇಳಿದೋರು ಹಂಗ ಹೋಗಬ್ಯಾಡ್ರಿ. ಆಳದಾಗ ಉಸುರಾಡಿದಾಗ ರಕ್ತದೊಳಗ ನೈಟ್ರೋಜನ್ ಕರಗಿರ್ತೈತಿ, ಅದು ನಿಧಾನ ಹೊರಗ ಹೋಗಬೇಕು, ಅಷ್ಟರಾಗ ಎತ್ತರಕ್ಕ ಹೋದ್ರ ಸೋಡಾ ಬಾಟ್ಲಿ ಮುಚ್ಚಳ ತಗದಂಗ ಗುಳ್ಳಿ ಏಳ್ತಾವ. ವಿಮಾನ ಹತ್ತಬಾರದು ಅಂತ ಎಲ್ಲಾರಿಗೂ ಹೇಳ್ತಾರ, ಒಂದು ಡೈವ್ ಆದ್ರ ಕನಿಷ್ಠ 12 ತಾಸು, ಹೆಚ್ಚಾದ್ರ 18. ಘಾಟ್ ಬಗ್ಗೆ ಯಾರೂ ಹೇಳಂಗಿಲ್ಲ. ಚೋರ್ಲಾ ಆಗಲಿ ಅನ್ಮೋಡ್ ಆಗಲಿ ಹತ್ತಿದ್ರ ಬೆಳಗಾವಿ 700 ಮೀಟರ್‌ಗಿಂತ ಎತ್ತರ, ಹುಬ್ಬಳ್ಳಿನೂ 600ರ ಮ್ಯಾಲ. ಡೈವ್ ಮಾಡಿದ್ರ ಆ ರಾತ್ರಿ ಗೋವಾದಾಗ ಮಲಗ್ರಿ, ಮರುದಿನ ಮಧ್ಯಾಹ್ನ ಊಟ ಮಾಡಿ ಬಸ್ ಹತ್ತರಿ. ಜಾಗ ಸಿಗದಿದ್ರ ನಮ್ಮ ಮನ್ಯಾಗ ಚಾಪಿ ಐತಿ, ಡಿಸೆಂಬರ್ ಕಡೀ ವಾರ ಒಂದು ಬಿಟ್ಟು.